ಕಾಣದ ಸ್ನಾಯುವಿಗೆ ಪಾಠ

(ಬಾನುಲಿ ಭಾಷಣ)

ರೋಗಗಳಲ್ಲಿ ಎರಡು ಬಗೆ. ಪ್ರಾಣಕ್ಕೆ ಎರವಾಗುವ ರೋಗ ಒಂದು. ಪ್ರಾಣವನ್ನು ಮುಟ್ಟದೆ ಬದುಕನ್ನು ಮಾತ್ರ ಕಿರಿದುಮಾಡುತ್ತ ಹೋಗುವ ರೋಗ ಇನ್ನೊಂದು. ಮೊದಲನೆಯದಕ್ಕೆ ಊರೆಲ್ಲ ಮರುಗುತ್ತದೆ; ಆಸ್ಪತ್ರೆಯ ಬಾಗಿಲಲ್ಲಿ ಬಂಧುಬಳಗ ನೆರೆಯುತ್ತದೆ. ಎರಡನೆಯದನ್ನು ಹೊತ್ತವರು ಒಬ್ಬಂಟಿಗರಾಗಿಯೇ ಹೊರಬೇಕು. ಕೆಮ್ಮಿದರೆ, ಸೀನಿದರೆ, ತುಂಬಿದ ಬಿಂದಿಗೆಯನ್ನು ಎತ್ತಿದರೆ, ಮನಸಾರೆ ನಕ್ಕರೆ ನಾಲ್ಕು ಹನಿ ಮೂತ್ರ ತಾನಾಗಿ ಜಾರಿಹೋಗುವ ತೊಂದರೆ ಈ ಎರಡನೆಯ ಬಗೆಯದು. ಹೆರಿಗೆಯಾದ ಎಷ್ಟೋ ವರ್ಷಗಳ ಮೇಲೆ, ಸಂಜೆಯ ಹೊತ್ತಿಗೆ, ಒಳಗಿನಿಂದ ಏನೋ ಕೆಳಗಿಳಿದು ಬಂದಂತೆ ಭಾರವಾಗುವ ತೊಂದರೆಯೂ ಈ ಬಗೆಯದೇ. ಇವುಗಳಿಂದ ಯಾರೂ ಸಾಯುವುದಿಲ್ಲ. ಆದರೆ ಇವುಗಳನ್ನು ಹೊತ್ತ ಹೆಂಗಸು ಮೊದಲು ದೂರದ ಬಸ್ ಪ್ರಯಾಣವನ್ನು ಬಿಡುತ್ತಾಳೆ. ಆಮೇಲೆ ಜಾತ್ರೆಯನ್ನು, ಮದುವೆಮನೆಯನ್ನು, ದೇವಸ್ಥಾನವನ್ನು ಬಿಡುತ್ತಾಳೆ. ಕೊನೆಗೆ ನಗುವನ್ನೂ ಅಳೆದು ನಗುವುದಕ್ಕೆ ಕಲಿಯುತ್ತಾಳೆ. ಮನೆಯವರು ಅದನ್ನು ವಯಸ್ಸಿನ ಗಾಂಭೀರ್ಯವೆಂದು ತಿಳಿಯುತ್ತಾರೆ.

‘ನಕ್ಕೂ ನಕ್ಕೂ ಉಚ್ಚೆ ಹೊಯ್ದುಕೊಂಡರು’ ಎಂಬ ಮಾತು ನಮ್ಮ ಆಡುನುಡಿಯಲ್ಲಿ ತಮಾಷೆಯಾಗಿ ಬಳಕೆಯಾಗುತ್ತದೆ. ಆ ಮಾತಿಗೆ ನಗುವ ಗುಂಪಿನಲ್ಲಿಯೇ, ಅದು ಅಕ್ಷರಶಃ ನಿಜವಾಗಿರುವವರು ಒಬ್ಬರೋ ಇಬ್ಬರೋ ಕುಳಿತಿರುತ್ತಾರೆಂಬುದು ನಮಗೆ ಹೊಳೆಯುವುದಿಲ್ಲ. ಹೊಳೆದರೂ ಅದನ್ನು ಕೇಳುವ ರೂಢಿ ನಮ್ಮಲ್ಲಿಲ್ಲ. ಹೆಣ್ಣುಜನ್ಮಕ್ಕೆ ಬಂದದ್ದು, ಹೆತ್ತ ತಪ್ಪಿಗೆ ತೆತ್ತ ದಂಡ, ಇದಕ್ಕೆ ಮದ್ದಿಲ್ಲ ಎಂಬ ಸಮಾಧಾನವನ್ನು ತಾಯಂದಿರು ಮಗಳಂದಿರಿಗೆ ಹೇಳುತ್ತ ಬಂದಿದ್ದಾರೆ. ಅದೂ ಹೇಳುವ ಧೈರ್ಯ ಬಂದ ಪಕ್ಷದಲ್ಲಿ.

ಉಪಾಯವಿಲ್ಲವೆಂಬುದು ನಿಜವಲ್ಲ. ಇಂಥ ತೊಂದರೆಗಳಲ್ಲಿ ಹಲವಕ್ಕೆ ಕಾರಣ ಕಣ್ಣಿಗೆ ಕಾಣದ ಒಂದು ಸ್ನಾಯುಸಮೂಹ. ಆ ಸ್ನಾಯುಗಳಿಗೆ ಶಿಕ್ಷಣ ಕೊಟ್ಟು ಅವನ್ನು ಕೆಲಸಕ್ಕೆ ಹಚ್ಚುವ ವೃತ್ತಿಯೊಂದು ಬೆಳೆದಿದೆ. ಪೆಲ್ವಿಕ್ ಹೆಲ್ತ್ ಫಿಸಿಯೋಥೆರಪಿ ಎಂದು ಅದರ ಹೆಸರು. ಕನ್ನಡದಲ್ಲಿ ಶ್ರೋಣಿ ಆರೋಗ್ಯದ ಭೌತಚಿಕಿತ್ಸೆ ಎನ್ನಬಹುದು. ಮಾತ್ರೆಯಿಲ್ಲ, ಕತ್ತರಿಯಿಲ್ಲ, ಮಾತು, ಬೆರಳು ಮತ್ತು ತಾಳ್ಮೆ, ಇವೇ ಅದರ ಮುಖ್ಯ ಸಲಕರಣೆಗಳು. ಸಾಹಿತ್ಯದ ಪಾಠ ಹೇಳಿದವನಿಗೆ ಈ ವಿಷಯದಲ್ಲಿ ಏನು ಅಧಿಕಾರ ಎಂದು ತಾವು ಕೇಳಬಹುದು. ವೈದ್ಯಕೀಯದ ಅಧಿಕಾರ ನನಗಿಲ್ಲ. ಆದರೆ ಈ ವೃತ್ತಿಯನ್ನು ಕುರಿತು ಓದುತ್ತ ಹೋದ ಹಾಗೆ ಒಂದು ಸಂಗತಿ ನನಗೆ ಸ್ಪಷ್ಟವಾಯಿತು. ಇದು ಮೊದಲು ಮಾತಿನ ಕೆಲಸ, ಆಮೇಲೆ ಪಾಠದ ಕೆಲಸ, ಅದಾದ ಮೇಲೆ ಮೈಯ ಕೆಲಸ. ಮೊದಲೆರಡರ ಮಟ್ಟಿಗಾದರೂ ನಾಲ್ಕು ಮಾತಾಡುವುದು ಅನುಚಿತವಾಗಲಾರದು.

‘ಶ್ರೋಣಿ’ ಎಂಬ ಪದ ಸಾಹಿತ್ಯದ ಓದುಗರಿಗೆ ಹೊಸದಲ್ಲ. ಸಂಸ್ಕೃತದ ಕವಿಗಳು ನಾಯಕಿಯನ್ನು ‘ಸುಶ್ರೋಣಿ’ ಎಂದು ಕರೆದರು. ಕವಿಯ ಕಣ್ಣು ಹೊರಗಿನ ಆಕಾರವನ್ನು ಕಂಡು ಅಲ್ಲಿಯೇ ನಿಂತಿತು. ಒಳಗೆ ಹೋಗಿ ನೋಡಿದರೆ ಅದೊಂದು ಎಲುಬಿನ ಬೋಗುಣಿ: ಎಡಬಲಕ್ಕೆ ಸೊಂಟದ ಎಲುಬುಗಳು, ಹಿಂದೆ ಬೆನ್ನೆಲುಬಿನ ಕಂಬದ ಕೊನೆಯ ತ್ರಿಕಾಸ್ಥಿ, ಅದರ ತುದಿಯಲ್ಲಿ ಬಾಲದ ಮೂಳೆ, ಮುಂದೆ ಕಿಬ್ಬೊಟ್ಟೆಯ ಕೆಳಗೆ ಎರಡು ಕಡೆಯ ಎಲುಬುಗಳು ಕೂಡುವ ಸಂದು. ಬೋಗುಣಿಯೆಂದೆ, ಆದರೆ ಇದು ತಳವಿಲ್ಲದ ಬೋಗುಣಿ. ತಳವಿದ್ದಿದ್ದರೆ ಮನುಷ್ಯನು ಹುಟ್ಟುವುದಕ್ಕೆ ದಾರಿಯಿರುತ್ತಿರಲಿಲ್ಲ. ಎಲುಬು ಬಿಟ್ಟ ಆ ಜಾಗವನ್ನು ಸ್ನಾಯು ತುಂಬಿದೆ. ಮುಂದಿನ ಎಲುಬಿನಿಂದ ಹಿಂದಿನ ಬಾಲದ ಮೂಳೆಯವರೆಗೆ, ಒಂದು ಪಕ್ಕದಿಂದ ಇನ್ನೊಂದು ಪಕ್ಕದವರೆಗೆ, ತೂಗುಮಂಚದಂತೆ ಹರಡಿದ ಸ್ನಾಯುಗಳ ಹಾಸು ಅದು. ಶರೀರಶಾಸ್ತ್ರದಲ್ಲಿ ಅದರ ಮುಖ್ಯ ಭಾಗಕ್ಕೆ ಲೆವೇಟರ್ ಏನೈ ಎಂಬ ಲ್ಯಾಟಿನ್ ಹೆಸರಿದೆ. ಗುದವನ್ನು ಮೇಲೆತ್ತುವುದು ಎಂದು ಅದರ ಅರ್ಥ. ಈ ಭಾಷಣದ ಅನುಕೂಲಕ್ಕೆ ಈ ಹಾಸನ್ನೆಲ್ಲ ಒಟ್ಟಾಗಿ ‘ತಳಸ್ನಾಯು’ ಎಂದು ಕರೆಯುತ್ತೇನೆ.

ತಳಸ್ನಾಯುವಿನ ಪೂರ್ವಚರಿತ್ರೆ ಸ್ವಾರಸ್ಯವಾದುದು. ಬಾಲವುಳ್ಳ ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಇದೇ ಸ್ನಾಯುಗಳು ಬಾಲವನ್ನು ಆಡಿಸುವ ಕೆಲಸ ಮಾಡುತ್ತವೆ. ಅವುಗಳ ಒಳ ಅವಯವಗಳ ಭಾರ ಹೊಟ್ಟೆಯ ಗೋಡೆಯ ಮೇಲೆ ಬೀಳುತ್ತದೆ. ಮನುಷ್ಯ ಎರಡು ಕಾಲ ಮೇಲೆ ನಿಂತ. ನಿಂತ ಕೂಡಲೇ ಹೊಟ್ಟೆಯ ಭಾರವೆಲ್ಲ ಕೆಳಕ್ಕೆ ತಿರುಗಿತು. ಬಾಲವಾಡಿಸುತ್ತಿದ್ದ ಸ್ನಾಯುವಿಗೆ ಹೊರೆ ಹೊರುವ ಕೆಲಸ ಬಂತು. ಇಂದು ಅದಕ್ಕೆ ಮೂರು ಹೊಣೆಗಳಿವೆ: ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಹೊರುವುದು, ದ್ವಾರಗಳನ್ನು ಮುಚ್ಚಿ ಹಿಡಿಯುವುದು, ಬೇಕಾದಾಗ ಸಡಿಲಗೊಂಡು ಬಿಡುವುದು. ಗಂಡಸಿನಲ್ಲಿ ಈ ಹಾಸಿಗೆ ಎರಡು ದ್ವಾರ, ಹೆಂಗಸಿನಲ್ಲಿ ಮೂರು. ನಾವು ಉಸಿರನ್ನು ಒಳಕ್ಕೆಳೆದಾಗ ಎದೆಯ ಕೆಳಗಿನ ವಪೆ ಇಳಿಯುತ್ತದೆ. ಅದರ ಜೊತೆಗೆ ತಳಸ್ನಾಯುವೂ ಕೊಂಚ ಇಳಿಯುತ್ತದೆ. ಉಸಿರು ಬಿಟ್ಟಾಗ ಎರಡೂ ಏರುತ್ತವೆ. ಆರೋಗ್ಯವಂತರು ಕೆಮ್ಮುವುದಕ್ಕೆ ಒಂದು ಕ್ಷಣ ಮೊದಲೇ, ಅವರಿಗೆ ಅರಿವಿಲ್ಲದೆಯೇ, ಅದು ಬಿಗಿದು ಸಿದ್ಧವಾಗುತ್ತದೆ. ಜೀವಮಾನವಿಡೀ ದುಡಿಯುವ ಈ ಸ್ನಾಯುವನ್ನು ಅದರ ಒಡೆಯರು ಕಂಡಿರುವುದಿಲ್ಲ, ಬಹುಮಂದಿ ಅದರ ಹೆಸರನ್ನೂ ಕೇಳಿರುವುದಿಲ್ಲ.

ಹೆರಿಗೆಯಲ್ಲಿ ಇದು ಪಡುವ ಪಾಡು ಸಾಮಾನ್ಯವಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ೨೦೦೪ರಲ್ಲಿ ಗಣಕಯಂತ್ರದ ಮಾದರಿಯೊಂದನ್ನು ರಚಿಸಿ ಲೆಕ್ಕ ಹಾಕಿದರು. ಮಗುವಿನ ತಲೆ ಹೊರಬರುವಾಗ ತಳಸ್ನಾಯುವಿನ ಒಳಅಂಚು ತನ್ನ ಮೊದಲಿನ ಉದ್ದದ ಮೂರು ಪಟ್ಟಿಗಿಂತಲೂ ಹೆಚ್ಚು ಹಿಗ್ಗಬೇಕಾಗುತ್ತದೆ ಎಂದು ತೋರಿತು. ಅಷ್ಟು ಹಿಗ್ಗಿಯೂ ಮತ್ತೆ ಚೇತರಿಸಿಕೊಳ್ಳುವುದು ಪ್ರಕೃತಿಯ ಪವಾಡವೇ ಸರಿ. ಆದರೆ ಎಲ್ಲರಲ್ಲಿಯೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಮೇಲಿಂದ ಮೇಲೆ ಹೆರಿಗೆ, ಹಳೆಯ ಕೆಮ್ಮು, ಮಲಬದ್ಧತೆಯಿಂದ ಮುಕ್ಕುವ ಅಭ್ಯಾಸ, ಭಾರ ಹೊರುವ ದುಡಿಮೆ, ಮುಟ್ಟು ನಿಂತ ಮೇಲಿನ ಬದಲಾವಣೆ, ಮುಪ್ಪು, ಇವೆಲ್ಲ ಸೇರಿ ಹಾಸು ಸಡಿಲವಾಗುತ್ತದೆ. ಆಗ ಕೆಮ್ಮಿನ ಒತ್ತಡಕ್ಕೆ ಬಾಗಿಲು ತೆರೆದುಕೊಳ್ಳುತ್ತದೆ. ಇನ್ನೂ ಸಡಿಲವಾದರೆ ಒಳಗಿನ ಅವಯವಗಳೇ ಇಳಿಯತೊಡಗುತ್ತವೆ. ‘ಗರ್ಭಕೋಶ ಜಾರಿದೆ’ ಎಂದು ನಮ್ಮವರು ಹೇಳುವುದು ಇದನ್ನೇ.

ಇದು ಹೊಸ ಕಾಲದ ರೋಗವೇನಲ್ಲ. ಪ್ರಾಚೀನ ಗ್ರೀಸಿನಲ್ಲಿ ಗರ್ಭಕೋಶ ಜಾರಿದವಳನ್ನು ಏಣಿಯೊಂದಕ್ಕೆ ತಲೆಕೆಳಗಾಗಿ ಕಟ್ಟಿ ಏಣಿಯನ್ನು ಕುಲುಕುತ್ತಿದ್ದರೆಂದು ವೈದ್ಯಚರಿತ್ರೆ ಹೇಳುತ್ತದೆ. ಜಾರಿದ್ದನ್ನು ತಡೆಯಲು ಅರ್ಧ ದಾಳಿಂಬೆಯನ್ನು ಒಳಗಿಡುವ ಉಪಾಯವೂ ಅಲ್ಲಿತ್ತು. ಏಣಿಯಿಂದ ವ್ಯಾಯಾಮಕ್ಕೆ ಬರಲು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಆ ಕಥೆಯ ಮುಖ್ಯ ಅಧ್ಯಾಯ ನಡೆದದ್ದು ಲಂಡನ್ನಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿ ಅಂಗಮರ್ದನ ಒಂದು ಗೌರವದ ಚಿಕಿತ್ಸೆಯಾಗಿ ಬೆಳೆಯುತ್ತಿತ್ತು. ಅದೇ ಹೆಸರಿನ ಮರೆಯಲ್ಲಿ ಅಗೌರವದ ಮನೆಗಳೂ ನಡೆಯುತ್ತಿದ್ದವು, ಪತ್ರಿಕೆಗಳಲ್ಲಿ ಹಗರಣವೆದ್ದಿತು. ರೋಗಿಯ ಮೈ ಮುಟ್ಟುವ ಹೆಂಗಸಿನ ಮಾನವೇ ಪ್ರಶ್ನೆಗೊಳಗಾಯಿತು. ೧೮೯೪ರಲ್ಲಿ ನಾಲ್ವರು ದಾದಿಯರು ಸೇರಿ ತಮ್ಮ ವೃತ್ತಿಯನ್ನು ಕಾಪಾಡಿಕೊಳ್ಳಲು ಒಂದು ಸಂಘ ಕಟ್ಟಿದರು. ಅವರಲ್ಲಿ ಒಬ್ಬರು ಸೂಲಗಿತ್ತಿಯರ ಶಿಕ್ಷಣಕ್ಕಾಗಿ ಹೋರಾಡಿದ ರೊಸಲಿಂಡ್ ಪ್ಯಾಜೆಟ್. ವೈದ್ಯರ ಸೂಚನೆಯಿಲ್ಲದೆ ಚಿಕಿತ್ಸೆ ಮಾಡಬಾರದು, ವೈದ್ಯಪತ್ರಿಕೆಗಳಲ್ಲದೆ ಬೇರೆಲ್ಲೂ ಜಾಹೀರಾತು ಕೊಡಬಾರದು ಎಂಬಂಥ ಕಟ್ಟುನಿಟ್ಟಿನ ನಿಯಮಗಳನ್ನು ತಮಗೆ ತಾವೇ ವಿಧಿಸಿಕೊಂಡರು. ಬ್ರಿಟನ್ನಿನ ಇಂದಿನ ಭೌತಚಿಕಿತ್ಸಕರ ಸಂಘ ಅದರ ಮುಂದುವರಿಕೆ. ಪರೀಕ್ಷೆ, ಅರ್ಹತೆ, ಅನುಮತಿ, ಮರ್ಯಾದೆಗಳ ಬಗ್ಗೆ ಆ ವೃತ್ತಿ ಇಷ್ಟು ಎಚ್ಚರದಿಂದಿರಲು ಕಾರಣವೇನೆಂಬುದು ಅದರ ಹುಟ್ಟಿನಲ್ಲಿಯೇ ಇದೆ. ಮುಟ್ಟುವ ಹಕ್ಕನ್ನು ಅದು ಮೊದಲು ಗಳಿಸಿಕೊಳ್ಳಬೇಕಾಗಿತ್ತು.

ಮುಂದೆ ೧೯೩೦ರ ದಶಕದಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮಿನ್ನಿ ರ‍್ಯಾಂಡೆಲ್ ಎಂಬ ಮಹಿಳೆ ಅಂಗಮರ್ದನ ಮತ್ತು ವ್ಯಾಯಾಮದ ಶಾಲೆಯ ಮುಖ್ಯಸ್ಥರಾಗಿದ್ದರು. ಅವರ ಜೊತೆಗೂಡಿದವರು ಮಾರ್ಗರೆಟ್ ಮಾರಿಸ್ ಎಂಬ ನರ್ತಕಿ. ನೃತ್ಯವನ್ನು ಬಲ್ಲ ಈಕೆ ಭೌತಚಿಕಿತ್ಸೆಯನ್ನೂ ಕಲಿತು, ೧೯೩೬ರಲ್ಲಿ ಬಸುರಿಯರು, ಬಾಣಂತಿಯರು ಮತ್ತು ಶಸ್ತ್ರಚಿಕಿತ್ಸೆಯಾದವರಿಗಾಗಿ ವ್ಯಾಯಾಮದ ಪುಸ್ತಕವೊಂದನ್ನು ಹೊರತಂದರು. ತಳಸ್ನಾಯುವನ್ನು ಬಿಗಿಯುವ, ಬಿಡುವ ಪಾಠ ಅದರಲ್ಲಿತ್ತು. ಮೈಯ ಪ್ರತಿಯೊಂದು ಸ್ನಾಯುವನ್ನೂ ಬೇರೆಬೇರೆಯಾಗಿ ಅರಿಯುವುದು ನರ್ತಕಿಯ ವಿದ್ಯೆ. ಆ ವಿದ್ಯೆ ಆಸ್ಪತ್ರೆಯ ಬಾಣಂತಿಗೆ ದೊರೆತದ್ದು ಹೀಗೆ.

ಹನ್ನೆರಡು ವರ್ಷಗಳ ಮೇಲೆ, ೧೯೪೮ರಲ್ಲಿ, ಅಮೆರಿಕದ ಲಾಸ್ ಏಂಜಲಿಸ್ ನಗರದ ಸ್ತ್ರೀರೋಗತಜ್ಞ ಆರ್ನಲ್ಡ್ ಕೇಗಲ್ ಈ ಸ್ನಾಯುಗಳ ವ್ಯಾಯಾಮವನ್ನು ಕುರಿತು ಬರೆದರು. ಇಂದು ಲೋಕವೆಲ್ಲ ಈ ವ್ಯಾಯಾಮವನ್ನು ಅವರ ಹೆಸರಿನಿಂದಲೇ ಕರೆಯುತ್ತದೆ. ಅವರ ನಿಜವಾದ ಹೆಚ್ಚುಗಾರಿಕೆ ಒಂದು ಸರಳ ಉಪಕರಣದಲ್ಲಿತ್ತು. ಗಾಳಿ ತುಂಬಿದ ರಬ್ಬರಿನ ಸಣ್ಣ ಕೋಶ, ಅದಕ್ಕೊಂದು ಒತ್ತಡದ ಮಾಪಕ. ಕೋಶವನ್ನು ಒಳಗಿಟ್ಟುಕೊಂಡು ಸ್ನಾಯುವನ್ನು ಬಿಗಿದರೆ ಹೊರಗಿನ ಮುಳ್ಳು ಸರಿಯುತ್ತದೆ. ಅದುವರೆಗೆ ಕತ್ತಲಲ್ಲಿ ತಡಕುತ್ತಿದ್ದ ಹೆಂಗಸಿಗೆ ತನ್ನ ಪ್ರಯತ್ನದ ಫಲ ಕಣ್ಣಿಗೆ ಕಂಡಿತು. ‘ನನ್ನಿಂದಾಗುತ್ತದೆ’ ಎಂಬ ಪ್ರತೀತಿ ಮುಳ್ಳಿನ ಚಲನೆಯಿಂದ ಹುಟ್ಟಿತು. ಕಲಿಕೆಯ ಮೊದಲ ಮೆಟ್ಟಿಲು ಅದೇ ಅಲ್ಲವೆ?

ಇನ್ನು ಇಂದಿನ ಚಿಕಿತ್ಸಾಕೋಣೆಯೊಳಗೆ ಏನು ನಡೆಯುತ್ತದೆಂಬುದನ್ನು ನೋಡೋಣ. ಚಿಕಿತ್ಸಕಿ ಮೊದಲು ಕೇಳುವುದು ಪ್ರಶ್ನೆಗಳನ್ನು. ರಾತ್ರಿ ಎಷ್ಟು ಸಲ ಏಳುತ್ತೀರಿ? ಯಾವ ಕೆಲಸ ಮಾಡುವಾಗ ಹನಿ ಜಾರುತ್ತದೆ? ಮಲವಿಸರ್ಜನೆಗೆ ಮುಕ್ಕಬೇಕಾಗುತ್ತದೆಯೆ? ದಾಂಪತ್ಯದಲ್ಲಿ ನೋವಿದೆಯೆ? ಈ ತೊಂದರೆಯ ಭಯದಿಂದ ಯಾವುದನ್ನೆಲ್ಲ ಬಿಟ್ಟಿದ್ದೀರಿ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ರೋಗದ ನಿಜವಾದ ಅಳತೆ ಸಿಗುತ್ತದೆ. ಆಮೇಲೆ ಮೂರು ದಿನ ಒಂದು ದಿನಚರಿ ಬರೆಯಲು ಹೇಳುತ್ತಾರೆ: ಎಷ್ಟು ನೀರು ಕುಡಿದದ್ದು, ಎಷ್ಟು ಹೊತ್ತಿಗೆ ಎಷ್ಟು ಮೂತ್ರವಾದದ್ದು, ಯಾವಾಗ ತಡೆಯಲಾರದೆ ಹೋದದ್ದು. ಭಯದಿಂದ ನೀರನ್ನೇ ಕುಡಿಯದವರು, ‘ಯಾವುದಕ್ಕೂ ಇರಲಿ’ ಎಂದು ಗಂಟೆಗೊಮ್ಮೆ ಹೋಗಿಬರುವವರು ಈ ದಿನಚರಿಯಲ್ಲಿ ತಮ್ಮನ್ನು ತಾವೇ ಕಾಣುತ್ತಾರೆ. ತಡೆಯಲಾರದ ಅವಸರದ ತೊಂದರೆಯಿದ್ದವರಿಗೆ ಹೋಗಿಬರುವ ನಡುವಿನ ಅವಧಿಯನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹಿಗ್ಗಿಸಿ ಮೂತ್ರಕೋಶಕ್ಕೆ ಸಂಯಮ ಕಲಿಸುವ ಕ್ರಮವೂ ಉಂಟು.

ಅನಂತರ ಪರೀಕ್ಷೆ. ಏನು ಮಾಡುತ್ತೇವೆ, ಏಕೆ ಮಾಡುತ್ತೇವೆ, ಬೇಡವೆನ್ನುವ ಸ್ವಾತಂತ್ರ್ಯ ಪೂರ್ತಿ ನಿಮ್ಮದು, ನಡುವೆ ಯಾವ ಕ್ಷಣದಲ್ಲಾದರೂ ನಿಲ್ಲಿಸಬಹುದು, ಜೊತೆಗೆ ಇನ್ನೊಬ್ಬ ಹೆಂಗಸು ಇರಬೇಕೆಂದರೆ ಇರಬಹುದು ಎಂದು ಮೊದಲೇ ವಿವರಿಸುತ್ತಾರೆ. ಒಪ್ಪಿದರೆ ಕೈಗವಸು ಹಾಕಿದ ಬೆರಳಿನಿಂದ ಸ್ನಾಯುವಿನ ಬಿಗಿಯನ್ನು ಪರೀಕ್ಷಿಸುತ್ತಾರೆ. ಸೊನ್ನೆಯಿಂದ ಐದರವರೆಗೆ ಅದಕ್ಕೊಂದು ಅಂಕಪದ್ಧತಿಯಿದೆ. ಒಪ್ಪದವರಿಗೆ ಹೊಟ್ಟೆಯ ಮೇಲಿಂದ ಧ್ವನಿತರಂಗದ ಯಂತ್ರದ ಮೂಲಕ ನೋಡುವ ದಾರಿಯೂ ಇದೆ.

ಇಷ್ಟೆಲ್ಲ ಏಕೆ, ಬಾಯಲ್ಲಿ ಹೇಳಿಕೊಟ್ಟರೆ ಸಾಲದೆ, ಮಾಸಪತ್ರಿಕೆಯಲ್ಲಿ ಓದಿಕೊಂಡರೆ ಸಾಲದೆ ಎಂಬ ಸಂಶಯ ಸಹಜ. ಅಮೆರಿಕದಲ್ಲಿ ೧೯೯೧ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ೪೭ ಹೆಂಗಸರಿಗೆ ಈ ವ್ಯಾಯಾಮವನ್ನು ಚುಟುಕಾಗಿ ಮಾತಿನಲ್ಲಿ ವಿವರಿಸಿ, ಅವರು ಮಾಡುವುದನ್ನು ಅಳೆದು ನೋಡಿದರು. ಸರಿಯಾಗಿ ಮಾಡಿದವರು ಅರ್ಧದಷ್ಟು ಮಂದಿ ಮಾತ್ರ. ಕಾಲುಭಾಗದಷ್ಟು ಮಂದಿ ಮಾಡಿದ ರೀತಿಯಾದರೋ ತೊಂದರೆಯನ್ನು ಹೆಚ್ಚಿಸುವಂಥದಾಗಿತ್ತು! ಉಸಿರು ಕಟ್ಟುವುದು, ತೊಡೆ ಬಿಗಿಯುವುದು, ಪಿರ್ರೆ ಬಿಗಿಯುವುದು, ಮೇಲೆತ್ತುವ ಬದಲು ಕೆಳಕ್ಕೆ ತಳ್ಳುವುದು, ಇವು ಸಾಮಾನ್ಯವಾದ ತಪ್ಪುಗಳು. ತರಗತಿಯಲ್ಲಿ ಮೂವತ್ತು ವರ್ಷ ನಿಂತವನಿಗೆ ಇದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ. ಹೇಳಿದ್ದು ಬೇರೆ, ಕೇಳಿದ್ದು ಬೇರೆ, ಮಾಡಿದ್ದು ಇನ್ನೂ ಬೇರೆ. ಈ ಮೂರರ ನಡುವಿನ ಅಂತರವನ್ನು ಕಂಡುಹಿಡಿದು ತಿದ್ದುವುದೇ ಗುರುವಿನ ಕೆಲಸ.

ಕಾಣದ ಸ್ನಾಯುವನ್ನು ಕಲಿಸಲು ಚಿಕಿತ್ಸಕಿಗೆ ಉಪಮೆ ಬೇಕು. ‘ನಾಲ್ಕು ಜನರ ನಡುವೆ ಕುಳಿತಾಗ ಅಪಾನವಾಯುವನ್ನು ತಡೆಯುತ್ತೀರಲ್ಲ, ಹಾಗೆ ಬಿಗಿಯಿರಿ, ಆ ಬಿಗಿಯನ್ನು ಮುಂದಕ್ಕೆ ತನ್ನಿ, ಈಗ ಬಾವಿಯಿಂದ ಕೊಡವನ್ನು ಸೇದುವಂತೆ ಮೇಲಕ್ಕೆತ್ತಿ, ಹಿಡಿಯಿರಿ, ಮೆಲ್ಲಗೆ ಬಿಡಿ.’ ಇಂಥ ಮಾತುಗಳಲ್ಲಿ ಪಾಠ ಸಾಗುತ್ತದೆ. ಮೂತ್ರ ಮಾಡುತ್ತಿರುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ ಎಂದೂ ಎಚ್ಚರಿಸುತ್ತಾರೆ; ಮೂತ್ರಕೋಶ ಸರಿಯಾಗಿ ಬರಿದಾಗುವುದಕ್ಕೆ ಅದರಿಂದ ಅಡ್ಡಿ. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗದರ್ಶಿ ಸೂತ್ರಗಳ ಪ್ರಕಾರ ಒಂದು ಸಲಕ್ಕೆ ಕಡಮೆಯೆಂದರೆ ೮ ಬಾರಿ, ದಿನಕ್ಕೆ ೩ ಸಲ, ಕಡಮೆಯೆಂದರೆ ೩ ತಿಂಗಳು, ಬಲ್ಲವರ ಮೇಲ್ವಿಚಾರಣೆಯಲ್ಲಿ ಇದನ್ನು ಮಾಡಬೇಕು. ಇದರ ಜೊತೆಗೆ ಕಲಿಸುವ ಒಂದು ಚಿಕ್ಕ ಜಾಣತನವೂ ಉಂಟು: ಕೆಮ್ಮು ಬರುತ್ತದೆಂದು ತಿಳಿದ ಕೂಡಲೇ, ಕೆಮ್ಮುವ ಮುನ್ನ, ಸ್ನಾಯುವನ್ನು ಬಿಗಿದುಕೊಳ್ಳುವುದು. ಇದೊಂದನ್ನೇ ಕಲಿತು ವಾರವೊಂದರಲ್ಲಿ ಸೋರಿಕೆ ಗಣನೀಯವಾಗಿ ತಗ್ಗಿದುದನ್ನು ಮಿಷಿಗನ್ನಿನ ಸಂಶೋಧಕರು ೧೯೯೮ರಲ್ಲಿ ತೋರಿಸಿದರು.

ಬಿಗಿಯುವುದೊಂದೇ ಈ ವಿದ್ಯೆಯಲ್ಲ. ಕೆಲವರ ತೊಂದರೆ ಇದಕ್ಕೆ ತದ್ವಿರುದ್ಧವಾದುದು. ಭಯದಿಂದಲೋ ಹಳೆಯ ನೋವಿನಿಂದಲೋ ಸ್ನಾಯು ಸದಾ ಬಿಗಿದುಕೊಂಡೇ ಇರುತ್ತದೆ. ಬಿಡುವುದು ಅದಕ್ಕೆ ಮರೆತುಹೋಗಿರುತ್ತದೆ. ದಾಂಪತ್ಯದಲ್ಲಿ ತಡೆಯಲಾರದ ನೋವು, ಕಿಬ್ಬೊಟ್ಟೆಯ ನಿರಂತರ ನೋವು, ಮುಕ್ಕಿದಷ್ಟೂ ಬಿಗಿಯುವ ಮಲಬದ್ಧತೆ ಇದರ ಫಲ. ಅಂಥವರಿಗೆ ಬಿಗಿಯುವ ವ್ಯಾಯಾಮವನ್ನೇ ಹೇಳಿದರೆ ಗಾಯದ ಮೇಲೆ ಬರೆ ಎಳೆದಂತೆ. ಅವರಿಗೆ ನಿಧಾನವಾದ ಉಸಿರಿನ ಜೊತೆ ಸಡಿಲಿಸುವ ಪಾಠ ಬೇಕು. ಪತ್ರಿಕೆ ಓದಿ ತಾನೇ ಮದ್ದು ಮಾಡಿಕೊಳ್ಳುವುದು ಸಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ಇನ್ನು ಇದು ಹೆಂಗಸರದೇ ಸಮಸ್ಯೆಯೆಂದು ಗಂಡಸರು ನಿಶ್ಚಿಂತರಾಗಬೇಕಾಗಿಲ್ಲ. ಪ್ರಾಸ್ಟೇಟ್ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡವರಲ್ಲಿ ಅನೇಕರಿಗೆ ಕೆಲವು ಕಾಲ ಮೂತ್ರ ಹಿಡಿತಕ್ಕೆ ಬರುವುದಿಲ್ಲ. ಅವರಿಗೂ ಇದೇ ಗುರು, ಇದೇ ಪಾಠ.

ಫಲವೆಷ್ಟು? ಇದನ್ನು ನಂಬಿಕೆಗೆ ಬಿಡದೆ ಅಳೆದು ನೋಡಿದ್ದಾರೆ. ನಾರ್ವೆ ದೇಶದ ಭೌತಚಿಕಿತ್ಸಕಿ ಕಾರಿ ಬೋ ಮತ್ತು ಸಂಗಡಿಗರು ೧೯೯೯ರಲ್ಲಿ ೧೦೭ ಹೆಂಗಸರನ್ನು ಕುರಿತ ಪ್ರಯೋಗವನ್ನು ಪ್ರಕಟಿಸಿದರು. ವ್ಯಾಯಾಮ, ವಿದ್ಯುತ್ ಪ್ರಚೋದನೆ, ಒಳಗಿಟ್ಟು ಹಿಡಿಯುವ ತೂಕದ ಶಂಕುಗಳು, ಇವುಗಳಲ್ಲಿ ವ್ಯಾಯಾಮವೇ ಮೇಲೆಂದು ಕಂಡಿತು. ೨೦೧೮ರಲ್ಲಿ ಕಾಕ್ರೇನ್ ಸಂಸ್ಥೆ ೧೪ ದೇಶಗಳ ೩೧ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಕೆಮ್ಮು, ಸೀನುಗಳಿಂದ ಸೋರುವ ತೊಂದರೆಯಿದ್ದವರಲ್ಲಿ ಈ ವ್ಯಾಯಾಮ ಮಾಡಿದವರ ಪೈಕಿ ಶೇಕಡ ೫೬ ಮಂದಿ ತಾವು ಗುಣವಾದೆವೆಂದು ಹೇಳಿದರು. ಮಾಡದವರಲ್ಲಿ ಹಾಗೆ ಹೇಳಿದವರು ಶೇಕಡ ೬ ಮಾತ್ರ. ಗರ್ಭಕೋಶ ಜಾರುವ ತೊಂದರೆಯ ಬಗ್ಗೆ ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಗಳ ೪೪೭ ಹೆಂಗಸರ ಮೇಲೆ ನಡೆದ ಪ್ರಯೋಗ ೨೦೧೪ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಚಿಕಿತ್ಸಕಿಯಿಂದ ಪಾಠ ಹೇಳಿಸಿಕೊಂಡವರ ಬಾಧೆ ಉಳಿದವರಿಗಿಂತ ಕಡಮೆಯಾಗಿತ್ತು.

ಇದಕ್ಕೆ ಮಿತಿಗಳೂ ಉಂಟು. ಸ್ನಾಯು ಎಲುಬಿನಿಂದಲೇ ಕಿತ್ತುಹೋಗಿದ್ದರೆ ವ್ಯಾಯಾಮ ಅದನ್ನು ಹೊಲಿಯಲಾರದು. ಗರ್ಭಕೋಶ ಪೂರ್ತಿ ಹೊರಬಂದಿದ್ದರೆ ಆಸರೆಯ ಬಳೆಯೋ ಶಸ್ತ್ರಚಿಕಿತ್ಸೆಯೋ ಬೇಕಾಗಬಹುದು. ಮೂತ್ರದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಎಡೆಬಿಡದ ಸೋರಿಕೆ ಕಂಡರೆ ಮೊದಲು ವೈದ್ಯರ ಬಳಿಗೇ ಹೋಗಬೇಕು. ಆದರೆ ಅವಸರದ ಉಪಾಯಗಳಿಗೂ ಬೆಲೆ ತೆರಬೇಕಾಗುತ್ತದೆಂಬುದನ್ನು ಮರೆಯಬಾರದು. ಜಾರಿದ್ದನ್ನು ಎತ್ತಿ ಹಿಡಿಯಲು ಒಳಗೆ ಪ್ಲಾಸ್ಟಿಕ್ ಬಲೆಯನ್ನು ಹೊಲಿಯುವ ಶಸ್ತ್ರಚಿಕಿತ್ಸೆ ಪಶ್ಚಿಮದಲ್ಲಿ ಬಹಳ ಪ್ರಚಾರಕ್ಕೆ ಬಂದಿತ್ತು. ಆ ಬಲೆಯಿಂದ ತೀವ್ರ ನೋವಿಗೆ ತುತ್ತಾದ ಹೆಂಗಸರು ವರ್ಷಗಟ್ಟಲೆ ದೂರಿಕೊಂಡ ಮೇಲೆ ಬ್ರಿಟನ್ನಿನಲ್ಲಿ ೨೦೧೮ರ ಜುಲೈಯಲ್ಲಿ ಅದಕ್ಕೆ ತಡೆ ಬಿತ್ತು. ಅಮೆರಿಕದಲ್ಲಿ ಯೋನಿಮಾರ್ಗದಿಂದ ಹಾಕುವ ಇಂಥ ಬಲೆಗಳ ಮಾರಾಟವನ್ನು ೨೦೧೯ರಲ್ಲಿ ನಿಲ್ಲಿಸಿದರು. ಬ್ರಿಟನ್ನಿನ ವಿಚಾರಣಾ ಸಮಿತಿ ೨೦೨೦ರಲ್ಲಿ ಕೊಟ್ಟ ವರದಿ ಎತ್ತಿ ತೋರಿಸಿದ ಮುಖ್ಯ ದೋಷ, ಹೆಂಗಸರು ಹೇಳಿದ್ದನ್ನು ಕೇಳಿಸಿಕೊಳ್ಳದೆ ಹೋದದ್ದು. ಮತ್ತೆ ಮಾತಿನ ಪ್ರಶ್ನೆಯೇ!

ನಮ್ಮ ನೆಲಕ್ಕೆ ಬಂದರೆ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ನೆರೆಯ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ರಾಣಿ ಬಂಗ್, ಅಭಯ್ ಬಂಗ್ ದಂಪತಿಗಳು ಮತ್ತು ಸಂಗಡಿಗರು ೬೫೦ ಹೆಂಗಸರನ್ನು ಪರೀಕ್ಷಿಸಿ ೧೯೮೯ರಲ್ಲಿ ವರದಿ ಪ್ರಕಟಿಸಿದರು. ಶೇಕಡ ೯೨ ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮೊದಲು ಎಂದಾದರೂ ಇಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇಕಡ ೮ ಮಾತ್ರ. ಅಲ್ಲಿ ಕಂಡ ರೋಗಗಳೆಲ್ಲ ತಳಸ್ನಾಯುವಿನವಲ್ಲ, ಸೋಂಕುಗಳೇ ಹೆಚ್ಚು. ಆದರೆ ಆ ಎರಡು ಅಂಕೆಗಳ ನಡುವಿನ ಮೌನ ನಮ್ಮೆಲ್ಲರಿಗೂ ಸೇರಿದ್ದು.

ನಮ್ಮಲ್ಲಿ ಬಾಣಂತನಕ್ಕೆ ಕೊರತೆಯಿಲ್ಲ. ಎಣ್ಣೆನೀರು, ಕಾಯ, ಖಾರ, ಬೆಚ್ಚನೆಯ ಕೋಣೆ, ತಿಂಗಳುಗಟ್ಟಲೆ ವಿಶ್ರಾಂತಿ, ಇವುಗಳಲ್ಲಿ ತಲೆಮಾರುಗಳ ಅಕ್ಕರೆಯಿದೆ. ಇಷ್ಟೆಲ್ಲ ಉಪಚಾರದ ನಡುವೆ ‘ಮೂತ್ರ ಹಿಡಿತದಲ್ಲಿದೆಯೇನಮ್ಮ?’ ಎಂಬ ಪ್ರಶ್ನೆ ಮಾತ್ರ ಬರುವುದಿಲ್ಲ. ಯೋಗಶಾಸ್ತ್ರದಲ್ಲಿ ಮೂಲಬಂಧ, ಅಶ್ವಿನೀಮುದ್ರೆಗಳೆಂಬ ಕ್ರಿಯೆಗಳಿವೆ. ಅವು ಇದೇ ಪ್ರದೇಶದ ಸ್ನಾಯುಗಳನ್ನು ಬಿಗಿಯುವ ಕ್ರಿಯೆಗಳು. ಅವುಗಳ ಗುರಿ ಬೇರೆ. ಬಾಣಂತಿಯ ಕೋಣೆಗೆ ಅವು ಬಂದದ್ದನ್ನು ನಾನಂತೂ ಕಾಣೆ. ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂದು ಹೆಮ್ಮೆಪಟ್ಟು ಸುಮ್ಮನಾಗುವುದು ಸುಲಭ. ಇದ್ದದ್ದು ಯಾರಿಗೆ ದೊರೆಯಿತು ಎಂದು ಕೇಳಿಕೊಳ್ಳುವುದು ಅದಕ್ಕಿಂತ ಉಚಿತ.

ಭಾಷೆಯ ಹೊಣೆ ಇಲ್ಲಿಯೇ ಬರುತ್ತದೆ. ದೇಹದ ಈ ಭಾಗಕ್ಕೆ ಕನ್ನಡದಲ್ಲಿ ಪದಗಳಿಲ್ಲದೆ ಇಲ್ಲ. ಆದರೆ ಒಂದು ರಾಶಿ ಬೈಗುಳಕ್ಕೆ ಮೀಸಲಾಗಿದೆ. ಇನ್ನೊಂದು ರಾಶಿ ಸಂಸ್ಕೃತದ ಪಠ್ಯಪುಸ್ತಕಕ್ಕೆ ಮೀಸಲಾಗಿದೆ. ತಾಯಿ ಮಗಳಿಗೆ, ರೋಗಿ ವೈದ್ಯನಿಗೆ ನಾಚದೆ ಹೇಳಬಹುದಾದ ನಡುವಿನ ಪದ ಮಾಯವಾಗಿದೆ. ‘ಕೆಳಗಡೆ’, ‘ಆ ಜಾಗ’, ‘ಅಲ್ಲಿ’ ಎಂಬ ಸರ್ವನಾಮಗಳಲ್ಲಿಯೇ ನಮ್ಮ ಹೆಂಗಸರು ತಮ್ಮ ಅರ್ಧ ಮೈಯನ್ನು ಹೇಳಿ ಮುಗಿಸುತ್ತಾರೆ. ಎಲ್ಲಿ ನೋವೆಂದು ಹೇಳಲು ಪದವಿಲ್ಲದವಳಿಗೆ ಎಲ್ಲಿ ಬಿಗಿಯಬೇಕೆಂದು ಕಲಿಸುವುದು ಹೇಗೆ? ಕನ್ನಡನಾಡಿನಲ್ಲಿ ಈ ವೃತ್ತಿಯನ್ನು ಮಾಡುವ ಚಿಕಿತ್ಸಕಿ ಇಂಗ್ಲಿಷಿನಲ್ಲಿ ಕಲಿತು ಬಂದದ್ದನ್ನು ಕನ್ನಡದಲ್ಲಿ ಹೇಳಬೇಕು. ‘ಸೇದು’, ‘ಎತ್ತು’, ‘ಹಿಡಿ’, ‘ಬಿಡು’ ಎಂಬ ನಮ್ಮ ಪುಟ್ಟ ಕ್ರಿಯಾಪದಗಳು ಅವಳ ಕೈಯಲ್ಲಿ ಚಿಕಿತ್ಸೆಯಾಗುತ್ತವೆ. ಪಾರಿಭಾಷಿಕ ಪದಕೋಶಗಳನ್ನು ರಚಿಸುವ ನಾವು ಮಾಡದೆ ಬಿಟ್ಟ ಕೆಲಸವನ್ನು ಅವಳು ಸದ್ದಿಲ್ಲದೆ ಮಾಡುತ್ತಿದ್ದಾಳೆಂದರೆ ಅತಿಶಯವಲ್ಲ.

ನಮ್ಮ ದೇಶದಲ್ಲಿ ಭೌತಚಿಕಿತ್ಸೆಯ ಶಿಕ್ಷಣ ಆರಂಭವಾದದ್ದು ೧೯೫೦ರ ದಶಕದ ಮೊದಲ ವರ್ಷಗಳಲ್ಲಿ, ಮುಂಬಯಿಯಲ್ಲಿ, ಪೋಲಿಯೋ ಪೀಡಿತ ಮಕ್ಕಳ ಕಾರಣವಾಗಿ. ಆದ್ದರಿಂದ ಭೌತಚಿಕಿತ್ಸೆಯೆಂದರೆ ಕೈಕಾಲು, ಬೆನ್ನು, ಮಂಡಿಗಳ ವ್ಯಾಯಾಮವೆಂಬ ಭಾವನೆ ಜನರಲ್ಲಿ ನೆಲೆಸಿತು. ಈಗ ೨೦೨೧ರ ಕಾಯಿದೆಯೊಂದು ಈ ವೃತ್ತಿಗೆ ರಾಷ್ಟ್ರಮಟ್ಟದ ಮಾನ್ಯತೆಯನ್ನು ಕೊಟ್ಟಿದೆ. ಶ್ರೋಣಿ ಆರೋಗ್ಯದಲ್ಲಿ ವಿಶೇಷ ತರಬೇತಿ ಪಡೆದವರು ದೊಡ್ಡ ನಗರಗಳಲ್ಲಿ ಸಿಗುತ್ತಾರೆ. ತಾಲ್ಲೂಕಿನ ಊರುಗಳಲ್ಲಿ ಸಿಗುವುದು ಕಷ್ಟ. ಸಿಗಬೇಕಾದರೆ ಬೇಡಿಕೆ ಬರಬೇಕು. ಬೇಡಿಕೆ ಬರಬೇಕಾದರೆ ಇಂಥದೊಂದು ಉಪಾಯವಿದೆಯೆಂದು ತಿಳಿಯಬೇಕು. ತಿಳಿಯಬೇಕಾದರೆ ಯಾರಾದರೂ ಮಾತೆತ್ತಬೇಕು.

ಈ ಮಾತನ್ನು ಹೆಂಗಸರೇ ಮೊದಲು ಎತ್ತಲಿ ಎಂದು ಕಾಯುವುದು ನ್ಯಾಯವಲ್ಲ. ಪ್ರಯಾಣಕ್ಕೆ ಹೊರಟಾಗ ‘ನೀವು ಹೋಗಿಬನ್ನಿ, ನಾನು ಮನೆಯಲ್ಲಿರುತ್ತೇನೆ’ ಎನ್ನುವ ತಾಯಿಯನ್ನು, ಹೆಂಡತಿಯನ್ನು, ಅತ್ತಿಗೆಯನ್ನು ಏಕೆಂದು ಕೇಳುವುದು ಮನೆಯವರ ಕರ್ತವ್ಯ. ಉತ್ತರ ಒಂದೇ ಸಲಕ್ಕೆ ಬರಲಾರದು. ಸ್ನಾಯುವಿಗೆ ಮೂರು ತಿಂಗಳ ಪಾಠ ಬೇಕಾದರೆ ಮೂವತ್ತು ವರ್ಷಗಳ ಮೌನಕ್ಕೂ ಸ್ವಲ್ಪ ಕಾಲ ಬೇಕು. ಕೇಳಿದ ಮೇಲೆ ನಗದೆ, ಮುಖ ತಿರುಗಿಸದೆ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎನ್ನದೆ ಕೇಳಿಸಿಕೊಂಡರೆ ಸಾಕು. ಮುಂದಿನ ಕೆಲಸವನ್ನು ಬಲ್ಲವರು ಇದ್ದಾರೆ.